ಕಿತ್ತವರ ಮೊದಲ ತುತ್ತು

ಕನ್ನಡಕದಂಗಡಿಯವನು ಬಗ್ಗಿ, ಬಿಳಿ ಅಣಬೆಯೊಂದನ್ನು ಚಾಕುವಿನಿಂದ ಕತ್ತರಿಸಿ, ಕೈಯಲ್ಲಿ ಹಿಡಿದು ನೋಡಿದ. ಕತ್ತರಿಸಬಾರದಿತ್ತು. ಮಣ್ಣು ಬಿಡಿಸಿ ಬುಡ ಸಮೇತ ಎತ್ತಬೇಕಿತ್ತು. ವಿಷದ ಗುರುತು ಬುಡದಲ್ಲೇ ಇರುತ್ತದೆ, ಅದನ್ನು ನೋಡದೆ ಇಂಥ ಅಣಬೆಯನ್ನು ನಂಬಬಾರದೆಂದು ಹೆಂಡತಿ ಇಪ್ಪತ್ತು ವರ್ಷ ಅವನಿಗೆ ಹೇಳುತ್ತಲೇ ಇದ್ದಳು. ಬುಡ ಈಗ ಉದುರೆಲೆಗಳ ಕೆಳಗೆಲ್ಲೋ ಉಳಿದಿತ್ತು. ಇನ್ನೊಮ್ಮೆ ಬಗ್ಗಿ ಕೆದಕಿದ್ದರೆ ಸಿಗುತ್ತಿತ್ತು. ಹೋಗಲಿ ಬಿಡು ಎಂದುಕೊಂಡು ಬುಟ್ಟಿಗೆ ಹಾಕಿದ.

ಸಾಯಬೇಕೆಂದು ಅವನೇನೂ ಕಾಡಿಗೆ ಬಂದಿರಲಿಲ್ಲ. ಬಂದದ್ದು ಮನೆಯಲ್ಲಿ ಜೊತೆಗಿದ್ದ ಅತ್ತೆಯ ಕಾಟ ತಡೆಯಲಾರದೆ. ಹೆಂಡತಿ ತೀರಿಕೊಂಡು ಏಳು ತಿಂಗಳಾಗಿತ್ತು. ಕಾಡು ಸುತ್ತುತ್ತಲೇ ಬೆಳೆದ ಆ ಗಟ್ಟಿಗಿತ್ತಿಯನ್ನು ಕೊಂದದ್ದು ಅಣಬೆಯಲ್ಲ, ತಲೆಯೊಳಗೆ ಒಡೆದ ಒಂದು ರಕ್ತನಾಳ. ಅಂದಿನಿಂದ ಅವನು ಹೊತ್ತಿಗೆ ಸರಿಯಾಗಿ ಅಂಗಡಿ ತೆರೆಯುತ್ತಿದ್ದ, ಗಾಜು ಉಜ್ಜುತ್ತಿದ್ದ, ಬಂದವರಿಗೆ ಅಕ್ಷರದ ಹಲಗೆ ತೋರಿಸಿ ಓದಿಸುತ್ತಿದ್ದ. "ಗಟ್ಟಿ ಮನುಷ್ಯ" ಎಂದರು ಜನ. ಗಟ್ಟಿಯಂತೆ! ಅಳುವುದಕ್ಕೂ ಒಳಗೆ ಏನಾದರೂ ಇರಬೇಕಲ್ಲ.

"ಹೀಗೆ ಮೂಲೆ ಹಿಡಿದು ಕೂತ್ಕೋಬೇಡಿ ಅಳಿಯಂದ್ರೇ. ಎಲೆ ಉದುರೋ ಕಾಲ ಮುಗಿದ್ರೆ ಅಣಬೆನೂ ಇಲ್ಲ, ಹಣ್ಣೂ ಇಲ್ಲ" ಎಂದು ರಜೆಯ ದಿನ ಅತ್ತೆಯೇ ಬುಟ್ಟಿ ಕೊಟ್ಟು ಹೊರಗೆ ದಬ್ಬಿದ್ದರು.

ವಾಪಸು ಬರುವ ದಾರಿಯ ಪೊದೆಗಳಲ್ಲಿ ಕಪ್ಪು ಹಣ್ಣು ಜೋತುಬಿದ್ದಿತ್ತು. ಒಂದನ್ನು ಬಾಯಿಗೆ ಹಾಕಿಕೊಂಡ. ಹುಳಿಯೋ ಸಿಹಿಯೋ ತಿಳಿಯಲಿಲ್ಲ. ಅತ್ತೆಗೆಂದು ಒಂದು ಡಬ್ಬಿ ತುಂಬಿಸಿಕೊಂಡ.

ಅತ್ತೆಯ ಮನೆತನದಲ್ಲಿ ಒಂದು ಕಟ್ಟಳೆ: ಅಣಬೆ ಕಿತ್ತವರೇ ಮೊದಲು ತಿನ್ನಬೇಕು. ಉಳಿದವರು ಎರಡು ದಿನ ಕಾದು, ತಿಂದವರು ನೆಟ್ಟಗಿದ್ದರೆ ಮಾತ್ರ ತಟ್ಟೆ ಹಾಕಿಕೊಳ್ಳಬೇಕು. ಹೆಂಡತಿ ಪ್ರತಿ ವರ್ಷವೂ ಅವನ ಮತ್ತು ಅತ್ತೆಯ ಎದುರೇ ಬೆರಳು ಚೀಪುತ್ತಾ ತಿನ್ನುತ್ತಿದ್ದಳು. ಒಣ ಬ್ರೆಡ್ಡು ಕಡಿಯುತ್ತಾ ಅವನು "ನಿನಗೆ ಹೊಟ್ಟೆನೋವು ಬರಲಿ" ಎಂದು ಶಪಿಸಿದರೆ, "ಬಂದ್ರೆ ನಿಮಗೂ ಅಣಬೆ ಇಲ್ಲ, ನೋಡ್ಕೊಂಡು ಬೈಯಿರಿ" ಎನ್ನುತ್ತಿದ್ದಳು.

ಸಂಜೆ ಅವನೇ ಈರುಳ್ಳಿ ಹೆಚ್ಚಿ, ಉಪ್ಪು ಮೆಣಸು ಹಾಕಿ ಹುರಿದ. ತಟ್ಟೆಗೆ ಬಡಿಸಿಕೊಂಡು ಕೂತ. ಅತ್ತೆ ಎದುರಿನ ಕುರ್ಚಿ ಎಳೆದುಕೊಂಡರು.

"ಎಲ್ಲದರ ಬುಡ ನೋಡಿದ್ರಿ ತಾನೆ?"

"ಹ್ಞೂಂ."

ಅತ್ತೆ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಈ ಸಲ ನಾನು ಮೊದಲು."

"ಕಿತ್ತಿದ್ದು ನಾನು, ಅತ್ತೆ."

"ಗೊತ್ತು. ನನಗೇನಪ್ಪ, ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ. ನಿಮಗೇನಾದ್ರೂ ಆದ್ರೆ ನನ್ನ ಸೂಜಿಗೆ ದಾರ ಪೋಣಿಸೋರು ಯಾರು?" ತಮ್ಮ ಮಾತಿಗೆ ತಾವೇ ನಕ್ಕು, ಚಮಚ ತುಂಬಿಸಿ ಬಾಯಿಗೆ ಒಯ್ದರು.

ಅವನು ಯಾವಾಗ ಕೈ ಬೀಸಿದನೋ ಅವನಿಗೇ ತಿಳಿಯದು. ಚಮಚ ಗೋಡೆಗೆ ಬಡಿಯಿತು. ತಟ್ಟೆ ನೆಲಕ್ಕೆ ಬಿದ್ದು ಎರಡು ಹೋಳಾಯಿತು.

"ಒಂದರ ಬುಡ ನೋಡಿಲ್ಲ" ಎಂದ.

"ಮರೆತ್ರಾ?"

"ಇಲ್ಲ."

ಅತ್ತೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು. "ಗೊತ್ತಿದ್ದೂ ತಿನ್ನಕ್ಕೆ ಕೂತ್ರಿ. ನನ್ನ ಎದುರಿಗೇ. ಎರಡು ದಿನ ನಾನು ನಿಮ್ಮ ಮುಖ ನೋಡ್ತಾ ಕೂತಿರಬೇಕಿತ್ತು, ಅಲ್ವಾ?"

ಎದುರಿಗೆ ಕೂತು ಕಾಯುವವರೊಬ್ಬರು ಇರುತ್ತಾರೆಂಬುದು ಕಾಡಿನಲ್ಲಿ ಅವನ ತಲೆಗೇ ಹೊಳೆದಿರಲಿಲ್ಲ. ನಾಚಿಕೆಯಾಗಬೇಕಿತ್ತು, ಅದೂ ಸರಿಯಾಗಿ ಆಗಲಿಲ್ಲ. ನೆಲದ ಮೇಲಿನದನ್ನು ಬಳಿಯಲು ಬಗ್ಗಿದ.

"ಮುಟ್ಟಬೇಡಿ!"

ಮಂಡಿನೋವಿನ ಅತ್ತೆ ತಾವೇ ನೆಲಕ್ಕೆ ಕೂತು, ಒಂದು ಚೂರೂ ಬಿಡದೆ ಹಳೆಯ ಪೇಪರಿನಲ್ಲಿ ಬಳಿದು ಗಂಟು ಕಟ್ಟಿದರು. ಬಾಣಲೆಯಲ್ಲಿ ಉಳಿದದ್ದೂ ಅದರೊಳಗೇ ಹೋಯಿತು. ಆಮೇಲೆ ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ ನಿಲ್ಲಿಸಿ, ನಲ್ಲಿ ಬಿಟ್ಟರು. ಮಕ್ಕಳಿಗೆ ತೊಳೆಯುವ ಹಾಗೆ, ಸೋಪು ಹಚ್ಚಿ, ಒಂದೊಂದೇ ಬೆರಳನ್ನು ಉಗುರಿನ ಸಂದಿಯವರೆಗೂ ಉಜ್ಜತೊಡಗಿದರು. ಕಿರುಬೆರಳಿಗೆ ಬರುವ ಹೊತ್ತಿಗೆ ಅವನ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು.

"ನೀರು ತುಂಬಾ ತಣ್ಣಗಿದೆ, ಅತ್ತೆ."

ಅತ್ತೆ ನಲ್ಲಿ ನಿಲ್ಲಿಸಲಿಲ್ಲ. ಅವನ ಇನ್ನೊಂದು ಕೈಯನ್ನು ಎಳೆದು ನಲ್ಲಿಯ ಕೆಳಗೆ ಹಿಡಿದರು.