ಬೆನ್ನಿನಲ್ಲಿ ಡ್ರಾಯರ್

"ಮೇಷ್ಟ್ರೇ, ಮುಗೀತಾ?" ಬಾಗಿಲಾಚೆಯಿಂದ ನಿರ್ಮಾಪಕ ನೆಗಿಶಿಯ ದನಿ. ಬೆಳಿಗ್ಗೆಯಿಂದ ಇದು ಐದನೆಯ ಸಲ.

ಲೇಖಕ ಇನುಕಾಯ್ ಬಾಗಿಲಿಗೆ ಬೆನ್ನು ತಿರುಗಿಸಿ ಕುಳಿತ. ಚಿತ್ರಕಥೆ ಮುಗಿಯುವ ತನಕ ಲೇಖಕನನ್ನು ಹೀಗೆ ವಸತಿಗೃಹದಲ್ಲಿ ಕೂಡಿಹಾಕುವುದಕ್ಕೆ ಸಿನಿಮಾದವರು ಡಬ್ಬಿಗೆ ತುಂಬುವುದು ಎನ್ನುತ್ತಾರೆ. ಯುಗವಾರಾ ಎಂಬ ಈ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ ಅವನನ್ನು ತುಂಬಿ ಒಂಬತ್ತು ದಿನವಾಗಿತ್ತು. ಉಪಚಾರವೆಂದು ದಿನಾ ಸುಟ್ಟ ಹಾವುಮೀನು ಬೇರೆ. ಆ ಜಿಡ್ಡು ವಾಸನೆ ಕಾಗದಕ್ಕೂ ಅಂಟಿತ್ತು.

ಕಥೆ ಅವನದೇ. ಒಂದು ಬೆಳಿಗ್ಗೆ ಗುಮಾಸ್ತನೊಬ್ಬನ ಬೆನ್ನಿನಲ್ಲಿ ಡ್ರಾಯರ್ ಮೂಡುತ್ತದೆ. ಕಚೇರಿಯವರು ಅದಕ್ಕೆ ಹಳೆಯ ಕಡತ ತುರುಕುತ್ತಾರೆ, ಮನೆಯವರು ಕಾಲುಚೀಲ. ಕೊನೆಗೆ ಅವನು ತಾನೇ ಅದರೊಳಗೆ ಹೊಕ್ಕು ಬೀಗ ಹಾಕಿಕೊಳ್ಳುತ್ತಾನೆ. ಆ ಬೀಗಕ್ಕಾಗಿಯೇ ಇನುಕಾಯ್ ಕಥೆ ಬರೆದದ್ದು. ಸಿನಿಮಾ ಕಂಪನಿಗೆ ಅದೇ ಬೇಡ. ಡ್ರಾಯರ್ ಮಾಯವಾಗಬೇಕು, ಹೆಂಡತಿ ನಗುನಗುತ್ತಾ ಗಂಡನ ಬೆನ್ನುಜ್ಜಬೇಕು. ಇಲ್ಲದಿದ್ದರೆ ಚಿತ್ರವೇ ಇಲ್ಲ.

"ದುಡ್ಡು ಕೊಟ್ಟು ಬಂದೋರು ಅಳುಮೋರೆ ಹಾಕ್ಕೊಂಡು ಹೋಗ್ಬೇಕಾ ಮೇಷ್ಟ್ರೇ? ಬೆನ್ನು ಉಜ್ಜಿಸ್ಕೊಳ್ಳೋದು ಯಾರಿಗೆ ಬೇಡ ಹೇಳಿ?" ಎಂದು ಒಳಗೆ ಬಂದು ಹಲ್ಲು ಕಿರಿದ ನೆಗಿಶಿ.

ಮಧ್ಯಾಹ್ನ ಟೋಕಿಯೋದಿಂದ ಇನುಕಾಯ್‌ನ ಹೆಂಡತಿ ಮಿತ್ಸುಯೊಳ ಫೋನ್ ಬಂತು. ಚಿತ್ರಕ್ಕೆ ಆ ಡ್ರಾಯರ್ ಮಾಡುತ್ತಿದ್ದವಳು ಅವಳೇ.

"ರೀ, ಆಯ್ತು ನೋಡಿ! ತಿಂಗಳಿಡೀ ಕೆತ್ತಿ ಕೆತ್ತಿ ಕೈಯೆಲ್ಲ ಬೊಬ್ಬೆ. ಒಳಗಡೆಯಿಂದ ಬೀಗಾನೂ ಕೂರಿಸಿದೀನಿ. ಕೇಳಿಸ್ಕೊಳ್ಳಿ."

ಟಕ್ ಎಂದಿತು.

"ಚೆನ್ನಾಗಿದೆ," ಎಂದ ಇನುಕಾಯ್.

ಕೊನೆಯ ಪುಟ ಆಗಲೇ ದಿಂಬಿನಡಿ ಇತ್ತು. ಹಿಂದಿನ ದಿನವೇ ಬರೆದಿದ್ದ, ಬೀಗವಿಲ್ಲದೆ, ಕಂಪನಿ ಕೇಳಿದ ಹಾಗೆಯೇ. ತೆರೆಯ ಮೇಲೆ ತನ್ನ ಹೆಸರು ಕಾಣುವ ಆಸೆ ಅಷ್ಟಿತ್ತು. ಹತ್ತು ನಿಮಿಷವೂ ಹಿಡಿದಿರಲಿಲ್ಲ. ಅಷ್ಟು ಸಲೀಸಾಗಿ ಬಂತಲ್ಲ ಎನ್ನುವುದೇ ಅವನಿಗೆ ಎಲ್ಲಕ್ಕಿಂತ ಹೇಸಿಗೆ. ಪುಟವನ್ನು ನೆಗಿಶಿಯ ಮುಂದೆ ಎಸೆದು, ಮೈ ತೊಳೆದುಕೊಂಡರೆ ಸಾಕೆಂದು ಸ್ನಾನದ ಮನೆಗೆ ನಡೆದ.

ನೆಗಿಶಿ ಅಲ್ಲಿಗೂ ಬಂದ, ಪ್ಯಾಂಟು ಮಂಡಿಗೆ ಮಡಚಿಕೊಂಡು, ಕೈಯಲ್ಲಿ ಸೋಪು ಹಿಡಿದು.

"ಅದ್ಭುತ ಮೇಷ್ಟ್ರೇ, ಓದ್ತಾ ಓದ್ತಾ ಕಣ್ಣಲ್ಲಿ ನೀರು ಬಂತು! ಕೂತ್ಕೊಳ್ಳಿ, ಇವತ್ತು ನಿಮ್ಮ ಬೆನ್ನು ನಾನೇ ಉಜ್ತೀನಿ."

"ಬೇಡಪ್ಪ."

"ಅಯ್ಯೋ, ಸಂಕೋಚ ಯಾಕೆ?"

ಬಸಳೆ ಸೊಪ್ಪಿನಂಥ ಲೋಳೆ ಕೈ ಹೆಗಲ ಮೇಲೆ ಬಿತ್ತು. ಇನುಕಾಯ್‌ಗೆ ಆ ಕೈ ಕೊಡವಬೇಕೆನಿಸಿತು. ಏಳಲಿಲ್ಲ. ಪುಟ್ಟ ಮಣೆಯ ಮೇಲೆ ಕಾಲು ಮಡಚಿ ಕುಳಿತೇ ಇದ್ದ.

"ಏನು ನುಣುಪು ಮೇಷ್ಟ್ರೇ ನಿಮ್ಮ ಬೆನ್ನು! ಒಂದು ಗೀರು ಇಲ್ಲ, ಒಂದು ಕಲೆ ಇಲ್ಲ," ಎಂದು ನೆಗಿಶಿ ಬಕೆಟ್ಟಿಗೆ ಬಿಸಿನೀರು ತುಂಬಿಕೊಂಡ.

ನೀರು ಸುರಿಯಲು ಅನುಕೂಲವಾಗಲೆಂದು ಇನುಕಾಯ್ ಇನ್ನಷ್ಟು ಬಗ್ಗಿದ.