ಕೆಮ್ಮಿಗೆ ಎಷ್ಟು ನಿಮಿಷ?

ನಂದಿದುರ್ಗದ ಚಿನ್ನದ ಗಣಿಯಲ್ಲಿ ಬಂಡೆ ಕುಸಿದು ಆಂಜಿನಪ್ಪನ ಬೆನ್ನುಮೂಳೆ ಮುರಿದು ಆರು ವರ್ಷವಾಗಿತ್ತು. ಕತ್ತಿನಿಂದ ಕೆಳಗೆ ಒಂದು ಬೆರಳೂ ಅವನ ಮಾತು ಕೇಳುತ್ತಿರಲಿಲ್ಲ. ಬಾಯಿ ಮಾತ್ರ ಉರಿಗಾಮಿನ ಗಣಿಮನೆಗಳ ಇಡೀ ಲೈನಿಗೆ ಸಾಲುವಷ್ಟು ಜೋರಾಗಿತ್ತು. ಆರೈಕೆಗೆಂದು ವಿಮೆಯವರು ದಿನಕ್ಕೆ ನಾಲ್ಕು ಗಂಟೆಯ ಆಳು ಕೊಟ್ಟಿದ್ದರು. ಪಕ್ಕದ ಮನೆಯ ಮಾರಿಯಮ್ಮ ಎಂಟಕ್ಕೆ ಬಂದು ಹನ್ನೆರಡಕ್ಕೆ ಹೋಗುವಳು. ಮಿಕ್ಕ ಇಪ್ಪತ್ತು ಗಂಟೆ ಹೆಂಡತಿ ಮುನಿಶಾಮಮ್ಮನ ಪಾಲು. ನಿದ್ದೆಗೆಟ್ಟ ಆಕೆ ಒಂದು ದಿನ ಹುಳಿಸಾರಿಗೆ ಉಪ್ಪೆಂದು ಸೋಡಾಪುಡಿ ಸುರಿದಳು. ಸಾರು ಭುಸ್ಸೆಂದು ಉಕ್ಕಿ ಒಲೆಯೇ ಆರಿತು. ಅವತ್ತೇ ಆಂಜಿನಪ್ಪ ಅರ್ಜಿ ಬರೆಸಿದ: ಎಂಟು ಗಂಟೆ ಬೇಕು.

ತನಿಖೆಗೆ ಬಂದವರು ವಿಮೆ ಕಚೇರಿಯ ವೆಂಕಟೇಶಪ್ಪ. ಬಂಗಾರಪೇಟೆಯಿಂದ ರೈಲಿಗೆ ಬಂದು, ಮಂಚದ ಪಕ್ಕ ಕೂತು, ಯಾವ ಕೆಲಸಕ್ಕೆ ಎಷ್ಟು ನಿಮಿಷವೆಂದು ತುಂಬುವ ಫಾರಂ ತೊಡೆಯ ಮೇಲೆ ಹರಡಿದರು.

"ಸ್ನಾನಕ್ಕೆ?"

"ಮುಕ್ಕಾಲು ಗಂಟೆ ಸಾ" ಎಂದ ಆಂಜಿನಪ್ಪ.

"ಊಟಕ್ಕೆ?"

"ಮುದ್ದೆ ಆದ್ರೆ ಇಪ್ಪತ್ತು ನಿಮಿಷ. ಅನ್ನ ಆದ್ರೆ ಅರ್ಧ ಗಂಟೆ, ಅರ್ಧ ಅಗುಳು ಗಡ್ಡಕ್ಕೇ ಓಯ್ತದೆ."

"ಮತ್ತೆ?"

"ಮೂಗು ಕಡಿದ್ರೆ ಕೆರೆಯೋಕೆ. ಅದ್ಕೆ ಕಾಲಂ ಎಲ್ಲೈತೆ ಸಾ?"

ವೆಂಕಟೇಶಪ್ಪ ಫಾರಮ್ಮಿನ ಹಿಂದೆ ಮುಂದೆ ಹುಡುಕಿ, "ಇಲ್ಲ" ಎಂದರು, ಬಹಳ ಗಂಭೀರವಾಗಿ.

ಹನ್ನೆರಡಾಯಿತು, ಮಾರಿಯಮ್ಮ ಎದ್ದುಹೋದಳು. ನಲ್ಲಿಯಲ್ಲಿ ನೀರು ಬಂತೆಂದು ಬೀದಿಯಲ್ಲಿ ಕೂಗೆದ್ದಿತು. "ಐದು ನಿಮಿಷ ನೋಡ್ಕೊಳ್ಳಿ ಸಾರ್" ಎಂದು ಮುನಿಶಾಮಮ್ಮ ಬಿಂದಿಗೆ ಎತ್ತಿಕೊಂಡು ಓಡಿದಳು.

ಎಲ್ಲಿತ್ತೋ ಒಂದು ನೊಣ, ಬಂದು ಆಂಜಿನಪ್ಪನ ಮೂಗಿನ ಮೇಲೆ ಕೂತಿತು. ವೆಂಕಟೇಶಪ್ಪ ಫಾರಂ ಬೀಸಿದರು. ನೊಣ ಹಾರಿ ಅವರ ಬೋಳುತಲೆಗೇ ಇಳಿಯಿತು. ಅವರು ತಮ್ಮ ತಲೆಗೆ ತಾವೇ ಫಟಾರನೆ ಹೊಡೆದುಕೊಂಡರು. ಆಂಜಿನಪ್ಪನಿಗೆ ನಗು ಒತ್ತರಿಸಿತು. ನಗು ಕೆಮ್ಮಾಯಿತು. ಎದೆಯಲ್ಲಿ ಕೆಮ್ಮುವ ಶಕ್ತಿಯಿಲ್ಲ. ಕಫ ಗಂಟಲಿಗೆ ಸಿಕ್ಕಿ ಮುಖ ಕೆಂಪೇರಿತು.

"ಅಮ್ಮಾ! ಯಾರಾದರೂ ಬನ್ನಿ!" ಎಂದು ವೆಂಕಟೇಶಪ್ಪ ಅರಚಿದರು.

ಗೋಡೆಯಾಚೆಯಿಂದ ಮಾರಿಯಮ್ಮ ಕೂಗಿದಳು: "ಪಕ್ಕೆ ಕೆಳಗೆ ಎರಡು ಕೈಯೂ ಇಟ್ಟು ಮೇಲಕ್ಕೆ ಒತ್ತಿ ಸಾರ್! ಅಣ್ಣ ಕೆಮ್ಮಿದಾಗ ಒತ್ತಿ!"

ಒತ್ತಿದರು. ಕಫ ಕಿತ್ತು ಅವರ ಬಿಳಿ ಷರಟಿಗೇ ಬಂತು. ಇಬ್ಬರೂ ಒಂದೇ ಸಮ ಏದುಸಿರು ಬಿಟ್ಟರು. ಷರಟು ಬಿಚ್ಚುತ್ತಾ ವೆಂಕಟೇಶಪ್ಪ ತಾವೇ ಮೊದಲು ನಕ್ಕರು. ನಿಲ್ಲಿಸಲಾಗಲಿಲ್ಲ.

"ನಗ್ಬೇಡಿ ಸಾ! ನೀವು ನಕ್ರೆ ನಂಗೂ ನಗು, ನಗು ಬಂದ್ರೆ ಕೆಮ್ಮು, ಕೆಮ್ಮು ಬಂದ್ರೆ ನಿಮ್ ಬನೀನೂ ಓಯ್ತದೆ!"

ನೀರು ಹೊತ್ತು ಬಂದ ಮುನಿಶಾಮಮ್ಮ ಬಾಗಿಲಲ್ಲೇ ನಿಂತಳು. ಬನೀನು ತೊಟ್ಟ ಆಫೀಸರು ತನ್ನ ಗಂಡನ ಎದೆ ಹಿಡಿದುಕೊಂಡು ಕಣ್ಣೀರು ಬರುವಂತೆ ನಗುತ್ತಿದ್ದರು.

"ಈ ಕೆಮ್ಮು ದಿನಕ್ಕೆ ಯಾವ ಯಾವ ಹೊತ್ತಿಗೆ ಬರ್ತದಮ್ಮ?"

"ಅದೇನು ರೈಲಾ ಸಾರ್, ಟೈಮ್‌ಗೆ ಬರೋಕೆ?"

ವೆಂಕಟೇಶಪ್ಪ ಬರೆದಿದ್ದ ನಿಮಿಷಗಳನ್ನೆಲ್ಲ ಗೀಚಿಹಾಕಿದರು. "ಒಂಟಿಯಾಗಿ ಬಿಡುವಂತಿಲ್ಲ. ಖುದ್ದು ಕಂಡಿದ್ದೇನೆ" ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದರು.

ಮೂರು ವಾರಕ್ಕೆ ಕಾಗದ ಬಂತು. ಕೇಳಿದ್ದು ಎಂಟು, ಕೊಟ್ಟಿದ್ದು ಹತ್ತು! ಮುನಿಶಾಮಮ್ಮ ಅದನ್ನು ಮೂರು ಮನೆಯಲ್ಲಿ ಓದಿಸಿದಳು, ಮೂರರಲ್ಲೂ ಹತ್ತೇ ಇತ್ತು.

ಮರುದಿನ ಹನ್ನೆರಡಾದರೂ ಮಾರಿಯಮ್ಮ ಎದ್ದುಹೋಗಲಿಲ್ಲ. ಮುನಿಶಾಮಮ್ಮ ಒಳಗೆ ಹೋದಳು, ಹೊರಗೆ ಬಂದಳು, ತೊಳೆದ ಚೊಂಬನ್ನೇ ಮತ್ತೆ ತೊಳೆದಳು.

"ನಾನೀಗ ಏನ್ಮಾಡ್ಲಿ?"

"ಮಲಕ್ಕಳ್ಳೇ, ಪುಣ್ಯಾತ್‌ಗಿತ್ತಿ!" ಎಂದ ಆಂಜಿನಪ್ಪ.

ಚಾಪೆಗೆ ತಲೆ ಕೊಟ್ಟವಳು ಐದು ಗಂಟೆಗೆ ಗಾಬರಿಯಿಂದ ಎದ್ದಳು. ಬೆಳಕು ಕಂಡು ಬೆಳಗಾಯಿತೆಂದುಕೊಂಡು ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿಗೆ ಕೂತಳು. ಅರ್ಧ ಬಿಡಿಸಿದ ಮೇಲೆ ನೋಡುತ್ತಾಳೆ, ಸೂರ್ಯ ಪಡುವಣದಲ್ಲಿದ್ದಾನೆ! ಇಡೀ ಲೈನು ಕೇಕೆ ಹಾಕಿತು. ಮುನಿಶಾಮಮ್ಮ ಸೆರಗಿನಿಂದ ಮುಖ ಮುಚ್ಚಿ ನಕ್ಕು, ಉಳಿದರ್ಧವನ್ನೂ ಬಿಡಿಸಿದಳು.