ಎರಡು ವಿಳಾಸಕ್ಕೆ ಎರಡು ಕತ್ತರಿ

ಬರುವ ಇಮೇಲ್‌ಗಳೆಲ್ಲ ಸರಾಗವಾಗಿ ಬರುತ್ತವೆ. ನಾವು ಕಳಿಸಿದ್ದು ಮಾತ್ರ ಗೋಡೆಗೆಸೆದ ಚೆಂಡಿನಂತೆ ಮರಳುತ್ತದೆ. ಈ ಪೇಚು ಅನೇಕ ಮನೆಗಳಲ್ಲಿದೆ. ಪರದೆ ಹೊಲಿಯುವ ಗೃಹಿಣಿಯೊಬ್ಬಳಿಗೆ ಅದು ಒದಗಬಾರದ ಹೊತ್ತಿನಲ್ಲೇ ಒದಗಿತು.

ಅಂದು ಮಧ್ಯಾಹ್ನ ಅವಳ ಪರದೆ ಅಂಗಡಿಯ ಇಮೇಲ್ ವಿಳಾಸಕ್ಕೆ ನಾಟಕಶಾಲೆಯ ಪತ್ರ ಬಂದಿತ್ತು. ‘ರಂಗದ ಮುಂಪರದೆಯನ್ನು ನೀವೇ ಹೊಲಿಯಬೇಕು. ಸಂಜೆ ಕಚೇರಿ ಮುಚ್ಚುವುದರೊಳಗೆ ನಕ್ಷೆಯೊಡನೆ ಒಪ್ಪಿಗೆ ಕಳಿಸಿ, ತಪ್ಪಿದರೆ ಕೆಲಸ ಬೇರೆಯವರ ಪಾಲು.’ ಇಷ್ಟು ಕಾಲ ಕಿಟಕಿಯ ಪರದೆಗಳಲ್ಲೇ ಸವೆದ ಕೈಗೆ ರಂಗದ ಪರದೆ! ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಕ್ಷೆ ಬಿಡಿಸಿದಳು, ಒಪ್ಪಿಗೆ ಬರೆದಳು, ಕಳಿಸಿದಳು. ರೆಪ್ಪೆ ಮಿಟುಕಿಸುವಷ್ಟರಲ್ಲಿ ಉತ್ತರ: ‘ಈ ಸರ್ವರ್‌ನಿಂದ ಈ ವಿಳಾಸದ ಪತ್ರ ಕಳಿಸಲು ಅನುಮತಿಯಿಲ್ಲ.’

“ರೀ, ಕಳಿಸಿದ್ದು ವಾಪಸ್ ಬಂತು!”

ಗಂಡ ಹಾಡುಗಾರರ ಸಂಘದ ಕಾರ್ಯದರ್ಶಿ. ಮನೆಗಿದ್ದ ಒಂದೇ ಕಂಪ್ಯೂಟರಿನಲ್ಲಿ ಮೊದಲಿನಿಂದ ಸಂಘದ ವಿಳಾಸವಿತ್ತು. ಅಂಗಡಿಯ ಹೊಸ ವಿಳಾಸವನ್ನು ಈಚೆಗೆ ಸೇರಿಸಿದವನೂ ಅವನೇ.

“ಬರೋದು ಬರ್ತಾ ಇದೆ ಅಂದ್ಮೇಲೆ ಹೋಗೋದೂ ಹೋಗ್ಲೇಬೇಕು. ಸ್ವಲ್ಪ ತಾಳು.”

“ತಾಳೋಕೆ ನಾಟಕದೋರೇನು ನಿಮ್ಮ ಮಾವನ ಮಕ್ಕಳಾ?”

“ಹಾಗಾದ್ರೆ ಸಂಘದ ವಿಳಾಸದಿಂದ ಕಳಿಸಿಬಿಡು.”

“ಪರದೆ ಹೊಲಿಯೋಳು ನಾನು. ಹಾಡೋರ ಹೆಸರಲ್ಲಿ ಒಪ್ಪಿಗೆ ಹೋದ್ರೆ ಯಾರು ನಂಬ್ತಾರ್ರೀ?”

ಶುಭವಾರ್ತೆ ಕೇಳಿ ಓಡಿಬಂದ ನಾದಿನಿಗೆ ಈ ಜಗಳವೇ ಎದುರಾಯಿತು. ಕಚೇರಿಯೊಂದರಲ್ಲಿ ಕಂಪ್ಯೂಟರ್‌ಗಳ ಉಸ್ತುವಾರಿ ಅವಳದು. ಸೆಟ್ಟಿಂಗ್ ತೆರೆದು ನೋಡಿದವಳೇ ನಕ್ಕಳು.

“ಅಣ್ಣಾ, ಕಳಿಸೋ ಸರ್ವರ್ ಎರಡಕ್ಕೂ ಸಂಘದ್ದೇ ಇಟ್ಟಿದ್ದೀಯಲ್ಲೋ!”

“ಒಂದು ಇತ್ತಲ್ಲ, ಇನ್ನೊಂದು ಯಾಕೆ ದಂಡಕ್ಕೆ?”

ನಾದಿನಿ ಮೇಜಿನ ಮೇಲಿದ್ದ ದೊಡ್ಡ ಕತ್ತರಿಯನ್ನೂ ಹಳೆಯ ಪತ್ರಿಕೆಯನ್ನೂ ಕೈಗೆತ್ತಿಕೊಂಡಳು. “ಅತ್ತಿಗೆ, ಇದನ್ನ ಕತ್ತರಿಸ್ಲಾ?”

“ಅಯ್ಯೋ, ಬೇಡ! ಬಟ್ಟೆ ಕತ್ತರಿ ಅದು, ಕಾಗದ ಕತ್ತರಿಸಿದ್ರೆ ಮೊಂಡಾಗುತ್ತೆ. ನಿಮ್ಮಣ್ಣ ಒಂದ್ಸಲ ಅದರಲ್ಲಿ ಹಾಡಿನ ಹಾಳೆ ಕತ್ತರಿಸಿ ಪಟ್ಟ ಪಾಡು ಅವರನ್ನೇ ಕೇಳು.”

“ಇದೂ ಹಾಗೇ ಅತ್ತಿಗೆ. ಪತ್ರ ತಂದುಕೊಡೋ ಸರ್ವರ್ ಬೇರೆ, ಒಯ್ಯೋ ಸರ್ವರ್ ಬೇರೆ. ಸಂಘದ ಸರ್ವರ್‌ಗೆ ಸಂಘದ ವಿಳಾಸ ಮಾತ್ರ ಗೊತ್ತು. ಅಂಗಡಿ ಹೆಸರು ಹೇಳಿದ್ರೆ ‘ನೀವ್ಯಾರು?’ ಅನ್ನುತ್ತೆ.”

“ಅಷ್ಟೇನಾ! ಹೇಳು, ನಾನೇ ಮಾಡ್ತೀನಿ.”

ನಾದಿನಿ ಹೇಳಿದಂತೆ ಅತ್ತಿಗೆಯೇ, ಪತ್ರ ಒಯ್ಯುವ ‘ಹೊರಹೋಗುವ ಸರ್ವರ್‌’ಗಳ ಪಟ್ಟಿಗೆ ಹೊಸದೊಂದನ್ನು ಸೇರಿಸಿದಳು. ಅಂಗಡಿಯ ವಿಳಾಸ ಕೊಟ್ಟ ಸಂಸ್ಥೆಯ ಸಹಾಯದ ಪುಟ ತೆರೆದು, ಸರ್ವರ್‌ನ ಹೆಸರು, ಪೋರ್ಟ್ ಸಂಖ್ಯೆ, ಭದ್ರತೆಯ ಬಗೆ, ಎಲ್ಲವನ್ನೂ ಅಲ್ಲಿದ್ದಂತೆಯೇ ತುಂಬಿದಳು. ಬಳಕೆದಾರರ ಹೆಸರಿನ ಜಾಗದಲ್ಲಿ ಅಂಗಡಿಯ ಪೂರ್ಣ ವಿಳಾಸ. ಪಾಸ್‌ವರ್ಡ್ ಬರೆಯುವಾಗ ನಾದಿನಿ ಮುಖ ಅತ್ತ ತಿರುಗಿಸಿದಳು.

“ಮುಗೀತಲ್ಲ?” ಎಂದ ಗಂಡ.

“ಕತ್ತರಿ ತಂದಿಟ್ರೆ ಬಟ್ಟೆ ತಾನಾಗೇ ಕತ್ತರಿಸ್ಕೊಳ್ಳುತ್ತಾ ಅಣ್ಣ? ಅಂಗಡಿ ಖಾತೆ ತೆರೆದು, ಅದಕ್ಕೆ ಈ ಹೊಸ ಸರ್ವರನ್ನೇ ಆರಿಸ್ಬೇಕು. ಸಂಘದ ಖಾತೆ ಹಾಗೇ ಇರ್ಲಿ.”

ಆರಿಸಿದ್ದಾಯಿತು. ಮೊದಲು ನಾದಿನಿಗೊಂದು ಪರೀಕ್ಷೆಯ ಪತ್ರ. ಅವಳ ಫೋನ್ ಟಿಣ್ ಎಂದಿತು! ಆಮೇಲೆ ಒಪ್ಪಿಗೆಪತ್ರ. ಮೂವರೂ ಕಂಪ್ಯೂಟರಿನತ್ತ ಬಗ್ಗಿ ನೋಡಿದರು. ಪತ್ರ ಮರಳಲಿಲ್ಲ. ಬದಲಿಗೆ ನಾಟಕಶಾಲೆಯ ಉತ್ತರ ಬಂತು: ‘ಒಪ್ಪಿಗೆ ತಲುಪಿತು. ನಾಳೆ ಅಳತೆಗೆ ಬನ್ನಿ.’

ಅವಳು ನಾದಿನಿಯನ್ನು ಬಾಚಿ ತಬ್ಬಿಕೊಂಡಳು.

“ಒಪ್ಕೊಂಡೆ ಮಹಾತಾಯಂದಿರಾ,” ಗಂಡ ಚಪ್ಪಲಿ ಮೆಟ್ಟಿದ. “ಹಾಡಿನ ಹಾಳೆಗೂ ಬೇರೆ ಕತ್ತರಿ ತಂದುಬಿಡ್ತೀನಿ.”

ಸಜ್ಜನರೇ, ಸಾಧನ ತಕ್ಕುದಾದರೆ ಕಾರ್ಯವೂ ಸಿದ್ಧಿಸುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಎರಡು ಮೂರು ವಿಳಾಸಗಳಿದ್ದರೆ, ಪ್ರತಿಯೊಂದಕ್ಕೂ ಅದರದೇ ಹೊರಹೋಗುವ ಸರ್ವರ್ ಇದೆಯೇ ಎಂದು ಇಂದೇ ನೋಡಿ. ಒಂದೊಂದರಿಂದಲೂ ಪರೀಕ್ಷೆಯ ಪತ್ರ ಕಳಿಸಿ. ನಿಮಗಾಗಿ ಕಾದಿರುವ ರಂಗದ ಪರದೆ ಯಾವುದೋ, ಅದು ನಿಮ್ಮ ಕೈಯಲ್ಲೇ ಮೇಲೇಳಲಿ.